ಶೌರ್ಯಕ್ಕೆ ಶತ್ರುವಿನ ದೃಢೀಕರಣ ಪತ್ರ

ಯುದ್ಧದಲ್ಲಿ ಸಾಯುವುದಕ್ಕೂ ಒಂದು ಕ್ರಮವಿದೆ. ಮೇಲಧಿಕಾರಿಯ ಕಣ್ಣಿಗೆ ಬೀಳುವಂತೆ ಹೋರಾಡಬೇಕು, ಇಬ್ಬರಾದರೂ ಸಾಕ್ಷಿಗಳನ್ನು ಉಳಿಸಿ ಹೋಗಬೇಕು, ದೇಹ ಗಡಿಯ ಈಚೆಗೇ ಬೀಳಬೇಕು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಇದ್ಯಾವುದನ್ನೂ ಪಾಲಿಸಲಿಲ್ಲ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ನಮ್ಮವರು ಯಾರೂ ನೋಡದ ಕಡೆ ಒಬ್ಬರೇ ಹೋರಾಡಿ ಸತ್ತರು. ಹಾಗಾಗಿ ಮಹಾವೀರ ಚಕ್ರ ಬರಲು 23 ವರ್ಷ ಹಿಡಿಯಿತು. ಅವರಿಗೇನು, ಕಾಯಲು ತೊಂದರೆ ಇರಲಿಲ್ಲ. ತೊಂದರೆ ಮನೆಯವರಿಗೆ.

ಕಡತದ ಕಣ್ಣಿನಿಂದ ನೋಡಿದರೆ ಎಡವಟ್ಟು ಮೊದಲಿನಿಂದಲೇ ಶುರು. ಆ ದಿನದ 12 ವಿಮಾನಗಳ ಪಟ್ಟಿಯಲ್ಲಿ ಅವರು ಇರಲೇ ಇಲ್ಲ. ಹೆಚ್ಚುವರಿಯಾಗಿ ಹೊರಟಿದ್ದವರು, ಒಂದು ವಿಮಾನ ಹಿಂದುಳಿದಾಗ ಆ ಜಾಗ ತುಂಬಿದರು. ಓಡಿಸುತ್ತಿದ್ದದ್ದು ಫ್ರೆಂಚರ ಹಳೆಯ ಮಿಸ್ಟೇರ್. ಎದುರು ಬಂದದ್ದು ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು, ಪಾಕಿಸ್ತಾನದ ಹೆಮ್ಮೆಯ ಕೂಸು. ಅದರ ಏಟು ಬಿದ್ದ ಮೇಲೆ ಬುದ್ಧಿವಂತನಾದವನು ಮನೆಯ ದಾರಿ ಹಿಡಿಯುತ್ತಾನೆ. ಟ್ಯಾಂಕಿನಲ್ಲಿದ್ದದ್ದೂ ಹೋಗಿ ಬರುವಷ್ಟೇ ಇಂಧನ. ದೇವಯ್ಯ ಮಾತ್ರ ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿ ಸೆಣಸಿದರು. ಸ್ಟಾರ್‌ಫೈಟರ್ ಉರುಳಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ಬದುಕಲಿಲ್ಲ.

ನಮ್ಮ ಕಡತದಲ್ಲಿ ಅವರು ‘ಕಾಣೆ’ಯಾದರು. ಕಾಣೆಯಾದವರ ಬಗ್ಗೆ ಕಚೇರಿಗಳಿಗೆ ವಿಶೇಷ ಪ್ರೀತಿ. ಷರಾ ಬರೆಯಬೇಕಿಲ್ಲ, ಶಿಫಾರಸು ಮಾಡಬೇಕಿಲ್ಲ, ಕಟ್ಟಿಗೆ ಕೆಂಪು ದಾರ ಸುತ್ತಿದರೆ ಆಯಿತು.

ಆದರೂ ವಿಧಿ ಒಂದು ಅವಕಾಶ ಕೊಟ್ಟಿತು. 1971ರ ಡಿಸೆಂಬರಿನಲ್ಲಿ ಅದೇ ಅಮ್ಜದ್ ಹುಸೇನ್ ಅಮೃತಸರದ ಮೇಲೆ ಇನ್ನೊಂದು ಸ್ಟಾರ್‌ಫೈಟರ್ ತಂದ. ನಮ್ಮ ವಿಮಾನ ನಿರೋಧಕ ಗುಂಡಿಗೆ ಅದೂ ಬಿತ್ತು, ಆತ ಸೆರೆಯಾದ. ದೇವಯ್ಯನವರ ಕೊನೆಯ ಕಾಳಗದ ಏಕೈಕ ಸಾಕ್ಷಿ ನಮ್ಮ ಅನ್ನ ಉಣ್ಣುತ್ತಾ ನಮ್ಮ ಬೀಗದೊಳಗೇ ಕೂತಿದ್ದ! “ಸ್ವಾಮಿ, ಆರು ವರ್ಷದ ಹಿಂದೆ ನಿಮ್ಮನ್ನು ಕೆಡವಿದವರು ಯಾರು?” ಎಂಬ ಪ್ರಶ್ನೆಗೆ ಯಾವ ನಮೂನೆಯಲ್ಲೂ ಅಂಕಣ ಇರಲಿಲ್ಲವೋ ಏನೋ. ಆತ ತನ್ನ ದೇಶಕ್ಕೆ ಮರಳಿದ, ದೇವಯ್ಯ ಕಾಣೆಯಾಗಿಯೇ ಉಳಿದರು.

ಕೊನೆಗೆ 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ, ಪಾಕಿಸ್ತಾನಿ ವಾಯುಪಡೆಯ ಪರಾಕ್ರಮ ಹಾಡಲೆಂದೇ ಬರೆದ ಪುಸ್ತಕದಲ್ಲಿ ಈ ಕಾಳಗ ಬಯಲಾಯಿತು. ಅಂದರೆ ಶತ್ರುವಿನ ಜಂಬದ ಕಥೆಯೊಳಗೆ ನಮ್ಮವನ ಗೆಲುವು ಅಡಗಿತ್ತು. ಅಂದು ದಾಳಿಯ ನೇತೃತ್ವ ವಹಿಸಿದ್ದ ತನೇಜಾ ಪಟ್ಟು ಹಿಡಿದರು. ಸರ್ಕಾರ ಆತುರಪಡಲಿಲ್ಲ. ಪುಸ್ತಕ ಓದಿ, ಅರಗಿಸಿಕೊಂಡು, ಮೇಜಿನಿಂದ ಮೇಜಿಗೆ ದಾಟಿಸಿ, 1988ರಲ್ಲಿ ಪದಕ ಕೊಟ್ಟಿತು. ಒಂದು ಪುಸ್ತಕಕ್ಕೆ ಒಂಬತ್ತು ವರ್ಷ. ನಮ್ಮ ಗ್ರಂಥಾಲಯ ಸಮಿತಿಗಳಿಗೆ ಹೋಲಿಸಿದರೆ ಇದು ಚುರುಕೇ.

ಈ ತಾಪತ್ರಯ ತಪ್ಪಿಸಲು ನನ್ನದೊಂದು ಸಲಹೆ. ಪ್ರತಿ ಪೈಲಟ್ ಜೇಬಿನಲ್ಲೂ ಒಂದು ಮುದ್ರಿತ ನಮೂನೆ ಇರಲಿ: “ಮೇಲ್ಕಂಡ ಅಧಿಕಾರಿಯು ನನ್ನ ವಿಮಾನವನ್ನು ನನ್ನ ಸಮಕ್ಷಮದಲ್ಲಿ ಉರುಳಿಸಿರುವುದು ಸತ್ಯವಾಗಿರುತ್ತದೆ.” ಕೆಳಗೆ ಶತ್ರುವಿನ ಸಹಿ, ಅವನ ಕಡೆಯ ಗೆಜೆಟೆಡ್ ಅಧಿಕಾರಿಯ ಮೊಹರು, ಮೂರು ಪ್ರತಿ. ಪ್ಯಾರಾಶೂಟಿನಲ್ಲಿ ಇಳಿಯುವವನಿಗೆ ಸಹಿ ಹಾಕಲು ಬೇಕಾದಷ್ಟು ಬಿಡುವಿರುತ್ತದೆ.

ಕಡತ ಯಾವಾಗಲೂ ನಿಧಾನ ಎನ್ನುವಂತೆಯೂ ಇಲ್ಲ. ಕಾರ್ಗಿಲ್ ಯುದ್ಧದಲ್ಲಿ ಅದು ಎಷ್ಟು ಅವಸರ ಮಾಡಿತೆಂದರೆ, ಟೈಗರ್ ಹಿಲ್ ಹತ್ತಿದ್ದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಘೋಷಿಸಿಬಿಟ್ಟಿತು. ಅವರು ಆಸ್ಪತ್ರೆಯಲ್ಲಿ ಗುಂಡಿನ ಗಾಯಗಳಿಂದ ಚೇತರಿಸಿಕೊಳ್ಳುತ್ತಿದ್ದರು; ತೀರಿಕೊಂಡಿದ್ದವರು ಅದೇ ಹೆಸರಿನ ಇನ್ನೊಬ್ಬ ಯೋಧ. ಬದುಕಿದ್ದವನನ್ನು ಸಾಯಿಸಲು ಸಾಕ್ಷಿ ಬೇಕಾಗಲಿಲ್ಲ ನೋಡಿ.

ಈಗ ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. 2025ರಲ್ಲಿ ಬಾಲಿವುಡ್ ‘ಸ್ಕೈ ಫೋರ್ಸ್’ ಎಂಬ ಸಿನಿಮಾವನ್ನೂ ತೆಗೆಯಿತು. ಅದರಲ್ಲಿ ಸರ್ಗೋಧಾ ಇದೆ, ಸ್ಟಾರ್‌ಫೈಟರ್ ಇದೆ, ಅಕ್ಷಯ್ ಕುಮಾರ್ ಅಂತೂ ಧಾರಾಳವಾಗಿ ಇದ್ದಾರೆ. ದೇವಯ್ಯನವರನ್ನು ಹೋಲುವ ಪೈಲಟ್‌ನ ಹೆಸರು ಮಾತ್ರ ಟಿ. ಕೃಷ್ಣ ವಿಜಯ. ಅಜ್ಜಮಾಡ ಎಂಬ ಮನೆಹೆಸರೂ ಕೊಡಗೂ ಕಾಣೆ. ಕೊಡವರು ಸಿಟ್ಟಾದರು, ಆಕ್ಷೇಪಿಸಿದರು. ಅವರಲ್ಲಿ ನನ್ನ ವಿನಂತಿ ಇಷ್ಟೇ: ಇನ್ನೊಂದು 23 ವರ್ಷ ತಾಳಿ. ಪಾಕಿಸ್ತಾನದವರು ಯಾರಾದರೂ ಈ ಕಥೆಯನ್ನು ಸಿನಿಮಾ ಮಾಡಿಯಾರು. ಅದರಲ್ಲಿ ಹೆಸರು ಸರಿಯಾಗಿ ಇದ್ದೀತು.