ಮುರಿದವನ ಮೇಲೇ ಎಫ್‌ಐಆರ್

ಪೀಣ್ಯ ಎರಡನೇ ಹಂತದ ಒಂದು ಶೆಡ್ಡು. ವಿಎಂಸಿ ಮಷೀನಿನ ಬಾಗಿಲು ತೆರೆದೇ ಇತ್ತು. ಆಪರೇಟರ್ ಟೀ ಕುಡಿಯಲು ಹೊರಗೆ ಹೋಗಿದ್ದ. ಟೂಲ್ ಮ್ಯಾಗಜೀನಿನ ಹನ್ನೆರಡನೇ ಪಾಕೆಟ್‌ನಲ್ಲಿ ಕೂತಿದ್ದ, ತೂತಿನೊಳಗೆ ಥ್ರೆಡ್ ಕೊರೆಯುವ ಎಂ6 ಟ್ಯಾಪು ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಮೊನ್ನೆ ಮುರಿದುಹೋದ ಅದರ ಅಣ್ಣ ಎಂ8ನ ಪರವಾದ ಮಾತೂ ಪತ್ರಿಕೆಯಲ್ಲಿ ಬರಬೇಕು.

ಉದ್ದ 80 ಮಿಲಿಮೀಟರ್, ಶ್ಯಾಂಕಿನ ದಪ್ಪ 6, ತಲೆಯ ಚೌಕ 4.9. ಮೈಮೇಲೆ ಸುರುಳಿ ಸುತ್ತಿದ ಫ್ಲೂಟು, ಅದರೊಳಗೆ ಹಿಂದಿನ ಜಾಬಿನ ಚಿಪ್ಸು ಇನ್ನೂ ಒಂದೆಳೆ ಸಿಕ್ಕಿಕೊಂಡಿತ್ತು. ಕೂಲಂಟು ಒಣಗಿ ಅಲ್ಲಲ್ಲಿ ಬಿಳಿ ಕಲೆ. ಹೋಲ್ಡರಿನ ಕುತ್ತಿಗೆಯ ಸಂದಿಯಲ್ಲಿ ಆಯುಧ ಪೂಜೆಯ ಕುಂಕುಮ.

“ಅಣ್ಣನಿಗೆ ಏನಾಯಿತು?” ಎಂದು ಪ್ರತಿನಿಧಿ ಶುರುಮಾಡಿದರು.

“ರಿಜೆಕ್ಷನ್ ರಿಜಿಸ್ಟರ್ ನೋಡಿ ಸಾರ್. ಕಾರಣ ಅನ್ನೋ ಕಾಲಂನಲ್ಲಿ ‘ಟ್ಯಾಪ್ ಬ್ರೇಕ್’ ಅಂತ ಬರೆದಿದ್ದಾರೆ. ಅದು ಕಾರಣನಾ? ಡೆತ್ ಸರ್ಟಿಫಿಕೇಟಿನಲ್ಲಿ ಕಾರಣ ಅಂತಿರೋ ಕಡೆ ‘ಸತ್ತ’ ಅಂತ ಬರೆದ ಹಾಗಾಯ್ತು.”

ಹಾಗಾದರೆ ನಿಜವಾದ ಕಾರಣವೇನು? ಟ್ಯಾಪು ಲೆಕ್ಕ ಒಪ್ಪಿಸಿತು. ಒಂದು ಸುತ್ತು ತಿರುಗಿದರೆ ಟ್ಯಾಪು ಎಷ್ಟು ಕೆಳಗಿಳಿಯಬೇಕೋ ಅದೇ ಪಿಚ್. ಎಂ6ಗೆ ಪಿಚ್ 1 ಮಿಲಿಮೀಟರ್. ಸ್ಪಿಂಡಲ್ ನಿಮಿಷಕ್ಕೆ 500 ಸುತ್ತು ತಿರುಗಿದರೆ ಫೀಡೂ ನಿಮಿಷಕ್ಕೆ 500 ಮಿಲಿಮೀಟರ್. ಪ್ರೋಗ್ರಾಮಿನಲ್ಲಿ ಎಸ್ 500, ಎಫ್ 500. “ಇದನ್ನು ನೋಡಿ ನೋಡಿ ಎಸ್ಸೂ ಎಫ್ಫೂ ಯಾವಾಗಲೂ ಒಂದೇ ಅಂತ ನಮ್ಮ ಹುಡುಗನಿಗೆ ನಂಬಿಕೆ ಬಂದುಬಿಟ್ಟಿದೆ. ನನ್ನ ಪ್ರೋಗ್ರಾಮನ್ನೇ ಕಾಪಿ ಮಾಡಿ, ಟೂಲ್ ನಂಬರೂ ಡೆಪ್ತೂ ಬದಲಾಯಿಸಿ ಅಣ್ಣನಿಗೆ ಹಾಕಿದ. ಅಣ್ಣನ ಪಿಚ್ 1.25. ಅವನಿಗೆ 625 ಬೇಕಿತ್ತು, ಕೊಟ್ಟಿದ್ದು 500. ಸುತ್ತಿಗೆ ಕಾಲು ಮಿಲಿಮೀಟರ್ ಸಾಲ. ಎರಡು ಸುತ್ತು ತಡಕೊಂಡ, ಆಮೇಲೆ ಟಕ್.”

“ಹಳೇ ಮಷೀನುಗಳಲ್ಲಿ ಹೀಗಾಗುತ್ತಿರಲಿಲ್ಲವೇ?”

“ಆಗ ಸ್ಪ್ರಿಂಗ್ ಇದ್ದ ಟ್ಯಾಪಿಂಗ್ ಹೋಲ್ಡರ್ ಇತ್ತು. ಸ್ಪಿಂಡಲ್ಲು, ಝಡ್ ಆಕ್ಸಿಸ್ಸು ಸ್ವಲ್ಪ ಹಿಂದೆಮುಂದೆ ಆದರೂ ಸ್ಪ್ರಿಂಗು ಎಳ್ಕೊಂಡು, ಕುಗ್ಗಿಕೊಂಡು ಸುಧಾರಿಸುತ್ತಿತ್ತು. ಈಗ ರಿಜಿಡ್ ಟ್ಯಾಪಿಂಗ್. ಎಂ 29 ಕೊಟ್ಟು ಜಿ 84 ಹಾಕಿದರೆ ಎನ್‌ಕೋಡರ್ ಸ್ಪಿಂಡಲ್ಲಿನ ಪ್ರತಿ ಡಿಗ್ರಿ ಎಣಿಸುತ್ತೆ, ಝಡ್ಡು ಅದಕ್ಕೆ ತಕ್ಕಂತೆ ಇಳಿಯುತ್ತೆ. ತಳಕ್ಕೆ ಹೋಗಿ ನಿಲ್ಲೋದು, ಉಲ್ಟಾ ತಿರುಗಿ ಮೇಲೆ ಬರೋದು, ಎಲ್ಲಾ ಜೊತೆಗೇ. ಅದರ ಪ್ರಾಮಾಣಿಕತೆ ಹೇಗಿದೆ ಅಂದರೆ, ತಪ್ಪು ನಂಬರ್ ಕೊಟ್ಟರೆ ಆ ತಪ್ಪನ್ನೂ ಮೈಕ್ರಾನ್ ಲೆಕ್ಕದಲ್ಲಿ ಪಾಲಿಸುತ್ತೆ.”

ಫ್ಯಾನುಕ್ ಕಂಟ್ರೋಲಿನಲ್ಲಿ ಟ್ಯಾಪಿಂಗ್ ನಡೆಯುವಾಗ ಫೀಡ್ ಓವರ್‌ರೈಡ್ ಗುಂಡಿ ಎಷ್ಟು ತಿರುಗಿಸಿದರೂ ನೂರಕ್ಕೆ ನೂರೇ ಇರುತ್ತದೆ. ಫೀಡ್ ಹೋಲ್ಡ್ ಒತ್ತಿದರೆ ಆ ತೂತು ಮುಗಿಸಿ ಮೇಲೆ ಬರುವವರೆಗೆ ಮಷೀನು ನಿಲ್ಲುವುದಿಲ್ಲ. ಸೂಪರ್‌ವೈಸರು ಎದುರು ನಿಂತು ಎಷ್ಟು ಗುಂಡಿ ಒತ್ತಿದರೂ ತನ್ನ ಪಾಡಿಗೆ ಕೆಲಸ ಮುಗಿಸುವವನು ಇಡೀ ಶೆಡ್ಡಿನಲ್ಲಿ ತಾನೊಬ್ಬನೇ ಎಂಬ ಹೆಮ್ಮೆ ಟ್ಯಾಪಿಗೆ. ಆದರೆ ಆ ಹೆಮ್ಮೆ ಕರೆಂಟು ಇರುವವರೆಗೆ ಮಾತ್ರ. ತೂತಿನ ನಡುವೆ ಇರುವಾಗ ಲೈನು ಹೋದರೆ ಅಲ್ಲೇ ಕಚ್ಚಿಕೊಂಡು ನಿಲ್ಲಬೇಕು. ಆಮೇಲೆ ಯಾರೋ ಬಂದು ಸ್ಪಿಂಡಲ್ ಉಲ್ಟಾ ತಿರುಗಿಸುತ್ತಾ, ಝಡ್ ಎತ್ತುತ್ತಾ, ದೇವರ ಹೆಸರು ಹೇಳುತ್ತಾ ಬಿಡಿಸಬೇಕು. ಕೆಲವು ಕಂಟ್ರೋಲುಗಳಲ್ಲಿ ಇದಕ್ಕೆಂದೇ ಹಿಂದೆಳೆಯುವ ಸೌಲಭ್ಯವಿದೆ; ಅದು ಎಲ್ಲಿದೆ ಎಂದು ನೆನಪಿರುವವನು ಆ ದಿನ ರಜೆಯಲ್ಲಿರುತ್ತಾನೆ.

ಸಿಟ್ಟು ನಿಜವಾಗಿ ನೆತ್ತಿಗೇರಿದ್ದು ಡ್ರಾಯಿಂಗ್ ಮಾಡುವವರ ಮಾತು ಬಂದಾಗ.

“ತಳ ಮುಚ್ಚಿದ ತೂತಿನಲ್ಲಿ ಡ್ರಿಲ್ ಡೆಪ್ತ್ 18, ಥ್ರೆಡ್ ಡೆಪ್ತೂ 18 ಅಂತ ಬರೀತಾರೆ. ಡ್ರಿಲ್ಲಿನ ಮೂತಿ ಕೋನ್ ಸಾರ್, ಅಲ್ಲಿ ಥ್ರೆಡ್ ಎಲ್ಲಿಂದ ಬರಬೇಕು? ನನ್ನ ಮೂತಿಯಲ್ಲೂ ಎರಡು ಮೂರು ಸುತ್ತು ಇಳಿಜಾರು, ಅಷ್ಟು ಭಾಗದಲ್ಲಿ ಪೂರ್ತಿ ಥ್ರೆಡ್ ಬರಲ್ಲ. ಚಿಪ್ಸಿಗೂ ಸ್ವಲ್ಪ ಜಾಗ ಬೇಕು. ಹೋಗಲಿ, ಅಷ್ಟು ಥ್ರೆಡ್ ಯಾಕೆ? ಸ್ಟೀಲಿನಲ್ಲಿ ಬೋಲ್ಟಿನ ದಪ್ಪದಷ್ಟು ಆಳ ಹಿಡಿದರೆ ಸಾಮಾನ್ಯವಾಗಿ ಸಾಕು, ಅಲ್ಯೂಮಿನಿಯಮ್ ಆದರೆ ಒಂದೂವರೆಯಿಂದ ಎರಡರಷ್ಟು. ಭಾರ ಹೊರೋದು ಮೊದಲ ಕೆಲವು ಸುತ್ತುಗಳೇ. ಕೆಳಗಿರೋವು ಹಾಜರಿ ಹಾಕಿ ಸಂಬಳ ತಗೊಳ್ಳೋವು.”

ಇದೇ ಉಸಿರಿನಲ್ಲಿ ಅದು ಇನ್ನೊಂದು ಅಂಕಿಯನ್ನೂ ಮುಂದಿಟ್ಟಿತು. ಎಂ6ಗೆ 5.0 ಡ್ರಿಲ್ ಎಂದು ಗೋಡೆಯ ಚಾರ್ಟಿನಲ್ಲಿದೆ, ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಸಾಮಾನ್ಯ 6ಎಚ್ ದರ್ಜೆಯ ಥ್ರೆಡ್ಡಿನಲ್ಲಿ ಒಳವ್ಯಾಸ 4.917ರಿಂದ 5.153ರವರೆಗೆ ಇರಬಹುದು. ತೂತು ಅಗಲವಾಗಿಸದ ಒಳ್ಳೆಯ ಡ್ರಿಲ್ಲಾದರೆ 5.1 ಹಾಕಿದರೂ ಗೇಜು ಒಪ್ಪುತ್ತದೆ, ಟ್ಯಾಪಿಗೆ ಬೀಳುವ ಒತ್ತಡ ಇಳಿಯುತ್ತದೆ. ಗಟ್ಟಿ ಸ್ಟೇನ್‌ಲೆಸ್ ಜಾಬಿನಲ್ಲಿ ಜೀವ ಉಳಿಸುವುದು ಈ ಒಂದು ಪಾಯಿಂಟು. “ಆದರೆ ಚಾರ್ಟು ಬದಲಾಯಿಸೋಕೆ ಯಾರ ಸಹಿ ಬೇಕು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಸಹಿಗಿಂತ ಮುರಿದ ಟ್ಯಾಪು ಅಗ್ಗ.”

ಮನೆತನದ ಬಗ್ಗೆ ಕೇಳಿದಾಗ ಟ್ಯಾಪು ಸ್ವಲ್ಪ ಬೀಗಿತು. ತಮ್ಮದು 60 ಡಿಗ್ರಿ ವಂಶವಂತೆ. ಥ್ರೆಡ್ಡಿನ ಕೋನ 55 ಡಿಗ್ರಿ ಎಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹೇಳಿದ. ಅಮೆರಿಕದ ವಿಲಿಯಮ್ ಸೆಲ್ಲರ್ಸ್ 1864ರಲ್ಲಿ 60 ಎಂದ. ಬ್ರಿಟಿಷರ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು, ಅಮೆರಿಕದವರದಕ್ಕೆ 13. ಎರಡನೇ ಮಹಾಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಹಿಡಿಯದೆ ಬುದ್ಧಿ ಬಂದ ಮೇಲೆ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಕೂತು 60ಕ್ಕೆ ಒಪ್ಪಿಕೊಂಡವು. ಮೆಟ್ರಿಕ್ ಥ್ರೆಡ್ಡಿನ ಕೋನವೂ ಅದೇ.

“1904ರಲ್ಲಿ ಬಾಲ್ಟಿಮೋರ್ ಹೊತ್ತಿ ಉರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾದಿಂದ ಫೈರ್ ಎಂಜಿನ್ ಓಡಿ ಬಂದವು. ಪೈಪಿನ ಥ್ರೆಡ್ಡು ಅಲ್ಲಿನ ನಲ್ಲಿಗೆ ಹಿಡೀಲಿಲ್ಲ. ನೀರಿದೆ, ಪೈಪಿದೆ, ಜನ ಇದ್ದಾರೆ, ಜೋಡಿಸೋಕಾಗಲ್ಲ. 1,500ಕ್ಕೂ ಹೆಚ್ಚು ಕಟ್ಟಡ ಬೂದಿ. ಪುಣ್ಯಕ್ಕೆ ಆ ರಿಪೋರ್ಟಿನಲ್ಲಿ ‘ಟ್ಯಾಪ್ ಬ್ರೇಕ್’ ಅಂತ ಬರೀಲಿಲ್ಲ.”

ಪ್ರತಿನಿಧಿ ಪ್ರತಿಸ್ಪರ್ಧಿಯ ಹೆಸರೆತ್ತಿದರು: ಥ್ರೆಡ್ ಮಿಲ್. ತೂತಿಗಿಂತ ಸಣ್ಣ ಕಟರು, ಸುರುಳಿ ಹಾದಿಯಲ್ಲಿ ಸುತ್ತಿಕೊಂಡು ಥ್ರೆಡ್ ಕೊರೆಯುತ್ತದೆ. ಪಿಚ್ ಒಂದೇ ಆದರೆ ಬೇರೆ ಬೇರೆ ವ್ಯಾಸಕ್ಕೂ ಅದೇ ಕಟರು. ಮುರಿದರೂ ತೂತಿನಲ್ಲಿ ಸಿಕ್ಕಿಬೀಳುವುದಿಲ್ಲ, ಜಾಬು ಉಳಿಯುತ್ತದೆ.

“ಒಪ್ಕೋತೀನಿ. ದುಬಾರಿ ಜಾಬಿಗೆ ಅವನೇ ಸರಿ. ಆದರೆ ಅವನು ಒಂದು ತೂತಿಗೆ ಪ್ರದಕ್ಷಿಣೆ ಹಾಕೋ ಹೊತ್ತಿಗೆ ನಾನು ಎಷ್ಟೋ ಮುಗಿಸಿರ್ತೀನಿ. ನೂರಾರು ತೂತಿನ ಆರ್ಡರ್ ಬಂದಾಗ ಯಾರನ್ನ ಕರೀತಾರೆ?”

ಅಣ್ಣ ಈಗೆಲ್ಲಿ? ಪಕ್ಕದ ಶೆಡ್ಡಿನ ಸ್ಪಾರ್ಕ್ ಮಷೀನಿನಲ್ಲಿ. ಹೈಸ್ಪೀಡ್ ಸ್ಟೀಲಿನ ಟ್ಯಾಪು ಮಾಮೂಲಿ ಡ್ರಿಲ್ಲಿಗೆ ಬಗ್ಗದಷ್ಟು ಗಡಸು, ಹಾಗಾಗಿ ತಾಮ್ರದ ಎಲೆಕ್ಟ್ರೋಡ್ ಇಳಿಸಿ ಕಿಡಿಯಲ್ಲೇ ಅದನ್ನು ಚೂರು ಚೂರಾಗಿ ಸುಡಬೇಕು. ಟ್ಯಾಪಿಂಗ್ ಬಹುತೇಕ ಕೊನೆಯ ಕೆಲಸ. ಅಷ್ಟರಲ್ಲಿ ಜಾಬಿನ ಮೇಲೆ ಮಿಲ್ಲಿಂಗ್, ಬೋರಿಂಗ್, ಎರಡು ಶಿಫ್ಟಿನ ಕೂಲಿ ಎಲ್ಲ ಕೂತಿರುತ್ತದೆ. “ಹಿಂದಿನವರೆಲ್ಲ ಮಾಡಿದ್ದು ನನ್ನ ಸರದಿಯಲ್ಲಿ ಆಚೆ ಬರುತ್ತೆ. ಸ್ಟೇನ್‌ಲೆಸ್‌ನಲ್ಲಿ ಸವೆದ ಡ್ರಿಲ್ ಉಜ್ಜಿ ಉಜ್ಜಿ ತೂತಿನ ಗೋಡೆ ಗಡಸಾಗಿರುತ್ತೆ. ಒಳಗೆ ಹೋಗೋದು ನಾನು.”

ಆಪರೇಟರ್ ಬರುವುದು ಕಾಣಿಸಿತು. ಬೇರೆ ಯಾರನ್ನಾದರೂ ಮಾತಾಡಿಸಬೇಕೇ ಎಂದು ಪ್ರತಿನಿಧಿ ಅವಸರದಲ್ಲಿ ಕೇಳಿದರು.

“ಹನ್ನೊಂದನೇ ಪಾಕೆಟ್. ಮೈಮೇಲೆ 5.0 ಅಂತ ಬರೆದಿದೆ, ಮೂರು ಸಲ ಕೈಯಲ್ಲೇ ಗ್ರೈಂಡಿಂಗ್ ಆಗಿದೆ. ಮಾತಾಡಿಸೋಕೆ ಹೋಗುವಾಗ ಮೈಕ್ರೋಮೀಟರ್ ತಗೊಂಡು ಹೋಗಿ.”