ಭತ್ಯೆಯೇ ಬೆಂಕಿ ಹಚ್ಚಿತು!

(2013ರ ಏಪ್ರಿಲ್. ಲಂಡನ್ನಿನ ಒಂದು ಪತ್ರಿಕಾ ಕಚೇರಿ. ಡರ್ಬಿಯ ಮನೆಯೊಂದಕ್ಕೆ ಹಿಂದಿನ ವರ್ಷ ಬೆಂಕಿ ಬಿದ್ದು ಆರು ಮಕ್ಕಳು ಸತ್ತಿದ್ದರು. ಈಗ ತೀರ್ಪು ಬಂದಿದೆ.)

ಸಂಪಾದಕ: ಅಪರಾಧಿ ಯಾರಯ್ಯಾ?

ವರದಿಗಾರ: ಅಪ್ಪ, ಅಮ್ಮ, ಅವರ ಸ್ನೇಹಿತ ಸಾರ್.

ಸಂಪಾದಕ: ಅದು ಕೋರ್ಟಿನ ಲೆಕ್ಕ. ನಮ್ಮ ಮುಖಪುಟಕ್ಕೆ?

ವರದಿಗಾರ: ಪೆಟ್ರೋಲಾ ಸಾರ್?

ಸಂಪಾದಕ: ದಡ್ಡ! ಸರ್ಕಾರಿ ಭತ್ಯೆ!

ವರದಿಗಾರ: ಅಪ್ಪನನ್ನು ಬಿಟ್ಟುಹೋದ ಇನ್ನೊಬ್ಬ ಸಂಗಾತಿಯ ತಲೆಗೆ ಕಟ್ಟೋಕೆ ಹಚ್ಚಿದ ಬೆಂಕಿ ಸಾರ್ ಅದು. ಈ ಮನುಷ್ಯ 1978ರಲ್ಲೇ ಹಳೇ ಗೆಳತಿಗೆ ಚಾಕು ಹಾಕಿ ಜೈಲು ಸೇರಿದ್ದ.

ಸಂಪಾದಕ: ಒಳಪುಟ.

ವರದಿಗಾರ: ಹೆಂಡತಿ, ಆ ಸಂಗಾತಿ ಇಬ್ಬರೂ ಕ್ಲೀನಿಂಗ್ ಕೆಲಸಕ್ಕೆ ಹೋಗ್ತಿದ್ದರು. ಸಂಬಳ, ಭತ್ಯೆ ಎರಡೂ ಇವನ ಖಾತೆಗೇ.

ಸಂಪಾದಕ: ಸಂಬಳ ಅನ್ನೋದನ್ನ ಹೊಡೆದುಹಾಕು. ಭತ್ಯೆ ಇರಲಿ.

ವರದಿಗಾರ: 2008ರಲ್ಲಿ ಶ್ರಾಪ್‌ಶೈರ್‌ನ ಕೋಟ್ಯಧಿಪತಿಯೊಬ್ಬ ಹೆಂಡತಿ, ಮಗಳನ್ನು ಗುಂಡಿಟ್ಟು ಕೊಂದು ಬಂಗಲೆ ಸುಟ್ಟ. ಆಗ ತೆರಿಗೆ ರಿಯಾಯಿತಿ ರದ್ದಾಗಲಿ ಅಂತ ಬರೆದೆವಾ ಸಾರ್?

ಸಂಪಾದಕ: ಛೆ ಛೆ! ಅದು ವೈಯಕ್ತಿಕ ದುರಂತ ಕಣಯ್ಯಾ.

ವರದಿಗಾರ: ಹಾಗಾದರೆ ಇದು?

ಸಂಪಾದಕ: ಇದು ಸಾಮಾಜಿಕ ಸಮಸ್ಯೆ!

(ಆ ವಾರವೇ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್, ಇಂಥ ಬದುಕಿಗೆ ತೆರಿಗೆದಾರರ ಹಣ ಯಾಕೆ ಎಂಬ ಪ್ರಶ್ನೆಯೆತ್ತಿದರು. ಅದೇ ತಿಂಗಳು ಲಂಡನ್ನಿನ ನಾಲ್ಕು ಬಡಾವಣೆಗಳಲ್ಲಿ ಕುಟುಂಬವೊಂದರ ಭತ್ಯೆಗೆ ವಾರಕ್ಕೆ 500 ಪೌಂಡುಗಳ ಮಿತಿ ಜಾರಿಗೆ ಬಂತು. ಶ್ರೀಮಂತ ಕೊಂದರೆ ಅವನೊಬ್ಬನೇ ಕೊಲೆಗಾರ, ಬಡವ ಕೊಂದರೆ ಇಡೀ ಕೇರಿಯೇ ಕಟಕಟೆಗೆ.)