ಶುಕ್ರವಾರದ ಹುಚ್ಚು

ಶುಕ್ರವಾರ ಬಂತೆಂದರೆ ನಮ್ಮ ಕಡೆ ಒಂದೇ ಪ್ರಶ್ನೆ: ಇವತ್ತು ಯಾವ ಪಿಕ್ಚರ್ ರಿಲೀಸು? ಪಕ್ಕದ ಮನೆ ರಾಯರು ಕಾಂಪೌಂಡಿನ ಮೇಲೆ ಮೊಣಕೈಯೂರಿ ನನ್ನನ್ನೂ ಅದನ್ನೇ ಕೇಳುತ್ತಾರೆ, ಆದರೆ ಧ್ವನಿಯಲ್ಲಿ ಕೊಂಚ ಕೀಟಲೆ ಇರುತ್ತದೆ. ನನ್ನ ರಿಲೀಸು ಬೇರೆ ಎಂದು ಅವರಿಗೆ ಗೊತ್ತು. ಊರೆಲ್ಲ ಮೊದಲ ದಿನದ ಮೊದಲ ಆಟಕ್ಕೆ ಓಡುವಾಗ ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಸಾಗರದಾಚೆಯ ಯಾವುದೋ ಊರಿನ ನಾಲ್ಕು ಹುಡುಗರ ಇಂಡಿ ರಾಕ್ ಗಿಟಾರಿಗೆ ತಲೆದೂಗುತ್ತ ಕೂತಿರುತ್ತೇನೆ. ‘ನಿಮ್ಮವರದ್ದು ಎಷ್ಟು ಥಿಯೇಟರಿನಲ್ಲಿ ಓಡ್ತಾ ಇದೆ?’ ಎನ್ನುತ್ತಾರೆ ರಾಯರು. ಅದು ಓಡುವುದು ನನ್ನ ಎರಡು ಕಿವಿಗಳಲ್ಲಿ ಮಾತ್ರ, ಹೌಸ್‌ಫುಲ್ ಎನ್ನುತ್ತೇನೆ.

ಹಾಡಿಗೆ ಶುಕ್ರವಾರದ ನಂಟು ಬಂದಿದ್ದು ಈಚೆಗೆ. ಮೊದಲೆಲ್ಲ ಬ್ರಿಟನ್ನಿನಲ್ಲಿ ಹೊಸ ಆಲ್ಬಂ ಸೋಮವಾರ ಬರುತ್ತಿತ್ತು, ಅಮೆರಿಕದಲ್ಲಿ ಮಂಗಳವಾರ. ಒಂದು ದೇಶದ ಅಂಗಡಿಗೆ ಬಂದದ್ದನ್ನು ಇನ್ನೊಂದು ದೇಶದವರು ಕದ್ದು ಇಳಿಸಿಕೊಳ್ಳುತ್ತಾರೆಂದು ತಲೆಕೆಡಿಸಿಕೊಂಡ ಕಂಪನಿಗಳು 2015ರ ಜುಲೈ 10ರಿಂದ ಲೋಕಕ್ಕೆಲ್ಲ ಒಂದೇ ದಿನ, ಶುಕ್ರವಾರ, ಎಂದು ಗೊತ್ತುಮಾಡಿದವು. ಅದರಲ್ಲೊಂದು ಗಮ್ಮತ್ತಿದೆ. ಸಾಮಾನ್ಯವಾಗಿ ಆಲ್ಬಂ ತೆರೆದುಕೊಳ್ಳುವುದು ಆಯಾ ದೇಶದ ಗಡಿಯಾರದಲ್ಲಿ ರಾತ್ರಿ ಹನ್ನೆರಡು ಹೊಡೆದಾಗ. ಹಾಗಾಗಿ ನ್ಯೂಯಾರ್ಕಿನ ಹುಡುಗರ ಹಾಡು ನ್ಯೂಯಾರ್ಕಿನವರಿಗಿಂತ ಒಂಬತ್ತೂವರೆ ಗಂಟೆ ಮುಂಚೆ ಬೆಂಗಳೂರಿಗೆ ಸಿಗುತ್ತದೆ, ಚಳಿಗಾಲದಲ್ಲಾದರೆ ಹತ್ತೂವರೆ. ವೀಸಾ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಿ ಬೆವರಿಳಿಸುವ ದೇಶದವರು ಇನ್ನೂ ಮಧ್ಯಾಹ್ನದ ಊಟ ಮುಗಿಸಿ ತೂಕಡಿಸುತ್ತಿರುವಾಗ, ಅವರದೇ ಮಾಲನ್ನು ನಾನು ಮೊದಲು ರುಚಿ ನೋಡಿರುತ್ತೇನೆ. ಸೇಡು ಅನ್ನಿ, ಸುಖ ಅನ್ನಿ, ಎರಡೂ ಸರಿಯೇ.

ರಾಯರ ತಕರಾರು ಬೇರೆ. ಒಳ್ಳೆಯ ಹಾಡೆಲ್ಲ ಆಗಲೇ ಬಂದುಹೋಗಿದೆಯಲ್ಲ, ಮತ್ತೆ ಹೊಸದರ ಹಿಂದೆ ಯಾಕೆ ಬೀಳಬೇಕು ಎನ್ನುತ್ತಾರೆ. ಅವರ ಪಾಲಿಗೆ ಪಿ.ಬಿ. ಶ್ರೀನಿವಾಸರ ನಂತರದ್ದೆಲ್ಲ ಕೊಸರು. ಆದರೆ ಇದೇ ರಾಯರು 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ಬಂದ ಹೊಸದರಲ್ಲೇ ಕೊಂಡದ್ದನ್ನು, ಮೈಸೂರು ಅನಂತಸ್ವಾಮಿಯವರ ದನಿ ಮೊದಲ ಸಲ ಮನೆಯೊಳಗೆ ಕೇಳಿದ್ದನ್ನು ಇವತ್ತಿಗೂ ಕೈಯಾಡಿಸಿ ಹೇಳುತ್ತಾರೆ. ಆ ದಿನ ಅದು ಚಿನ್ನವೋ ಹಿತ್ತಾಳೆಯೋ ಎಂದು ಹೇಳಿಕೊಡಲು ಯಾರೂ ಇರಲಿಲ್ಲ. ಅಂಗಡಿಯವನಿಗೂ ಗೊತ್ತಿರಲಿಲ್ಲ. ತೀರ್ಪನ್ನು ಅವರ ಕಿವಿಯೇ ಕೊಡಬೇಕಿತ್ತು, ಕೊಟ್ಟಿತು. ನನಗೆ ಪ್ರತಿ ಶುಕ್ರವಾರ ಬೇಕಾಗಿರುವುದು ಆ ಒಂದು ಗಳಿಗೆ ಅಷ್ಟೆ. ಹಳೆಯ ಹಾಡು ಕೇಳುವಾಗ ಲೋಕ ಆಗಲೇ ಬೆನ್ನು ತಟ್ಟಿ ಕಳಿಸಿದ್ದನ್ನು ನಾವೂ ತಟ್ಟುತ್ತೇವೆ. ಹೊಸದರ ಮುಂದೆ ಕೂತಾಗ ಮೆಚ್ಚುವುದೂ ನಮ್ಮ ಹೊಣೆ, ತೆಗಳುವುದೂ ನಮ್ಮದೇ.

ಅದರಲ್ಲೂ ಇಂಡಿ ಯಾಕೆ? ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡು ಹೊರತರುವ ಈ ಜನ ಯಾರ ಅಪ್ಪಣೆಗೂ ಕಾಯುವವರಲ್ಲ. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡದವರು 1976ರ ಡಿಸೆಂಬರಿನಲ್ಲಿ ಮನೆಯವರು, ಸ್ನೇಹಿತರ ಹತ್ತಿರ ಐನೂರು ಪೌಂಡ್ ಸಾಲ ಮಾಡಿ ನಾಲ್ಕು ಹಾಡು ಧ್ವನಿಮುದ್ರಿಸಿದರು. ತಮ್ಮದೇ ಲೇಬಲ್ಲು ಮಾಡಿಕೊಂಡು ಮುಂದಿನ ತಿಂಗಳು ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಹೆಸರಿನಲ್ಲಿ ಸಾವಿರ ಗ್ರಾಮಫೋನ್ ತಟ್ಟೆ ಹೊರಗೆ ಬಿಟ್ಟರು. ಯಾವ ಹಾಡು ಎಷ್ಟನೇ ಸಲಕ್ಕೆ ಸರಿಬಂತು ಎಂಬುದನ್ನೂ ತಟ್ಟೆಯ ಹೊದಿಕೆಯ ಮೇಲೆಯೇ ಅಚ್ಚು ಹಾಕಿಸಿದ್ದರು. ಅಡುಗೆಮನೆಯ ಬಾಗಿಲು ತೆರೆದಿಟ್ಟೇ ಬಡಿಸುವವರ ಧೈರ್ಯ ಅದು. ಸಾವಿರದ ಜಾಗದಲ್ಲಿ ಹದಿನಾರು ಸಾವಿರ ಹೋಯಿತು, ಸಾಲ ತೀರಿತು, ಇಂಗ್ಲೆಂಡಿನ ಊರೂರಿನ ಹುಡುಗರಿಗೆ ‘ಓಹೋ, ಇಷ್ಟೇನಾ!’ ಅನ್ನಿಸಿತು. ನಾಲ್ಕು ವರ್ಷ ಕಳೆದು ಭೂಪಟದ ಕೆಳತುದಿಯ ನ್ಯೂಜಿಲೆಂಡಿನಲ್ಲಿ ಡನೀಡಿನ್ ಊರಿನ ದಿ ಕ್ಲೀನ್ ತಂಡ ಐವತ್ತೇ ಡಾಲರಿನಲ್ಲಿ ‘ಟ್ಯಾಲಿ ಹೋ’ ಎಂಬ ಹಾಡು ಮಾಡಿತು. ಆಗಷ್ಟೇ ಹುಟ್ಟಿದ್ದ ಫ್ಲೈಯಿಂಗ್ ನನ್ ಎಂಬ ಲೇಬಲ್ಲು ಅದನ್ನು ಹೊರತಂದಿತು. ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಹತ್ತೊಂಬತ್ತನೇ ಸ್ಥಾನಕ್ಕೆ ಹತ್ತಿ ಕೂತಿತು. ಕೇಳಿದರೆ ಆರ್ಗನ್ನಿನ ಸದ್ದು ತಗಡಿನ ಡಬ್ಬಿಯೊಳಗಿಂದ ಬಂದಂತಿದೆ, ಇಂದಿಗೂ ಖುಷಿ ಕೊಡುತ್ತದೆ.

ಅಪ್ಪಣೆ ಬೇಡದವರಿಗೆ ಅಂಕುಶವೂ ಇರುವುದಿಲ್ಲ, ಅದೇ ನಮ್ಮಂಥವರಿಗೆ ಪೀಕಲಾಟ. ಮೆಲ್ಬರ್ನಿನ ಕಿಂಗ್ ಗಿಝಾರ್ಡ್ ಅಂಡ್ ದ ಲಿಝಾರ್ಡ್ ವಿಝಾರ್ಡ್ ಎಂಬ ತಂಡವಿದೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರದು ಇನ್ನೊಂದು ಆಲ್ಬಂ ಬಂದಿರುತ್ತದೆ. 2017ರಲ್ಲಿ ಐದು ಆಲ್ಬಂ ಕೊಡುತ್ತೇವೆಂದು ಮಾತು ಕೊಟ್ಟರು, ಐದನೆಯದನ್ನು ಡಿಸೆಂಬರ್ 31ಕ್ಕೆ ಬಿಟ್ಟು ಮಾತು ಉಳಿಸಿಕೊಂಡರು. ನಾಲ್ಕನೆಯದಾದ ‘ಪಾಲಿಗೊಂಡ್ವಾನಾಲ್ಯಾಂಡ್’ ಪೂರ್ತಿ ಪುಕ್ಕಟೆ. ಬೇಕಾದವರು ತಟ್ಟೆ ಅಚ್ಚು ಹಾಕಿ ಮಾರಿಕೊಳ್ಳಿ ಎಂದು ಮೂಲ ಕಡತಗಳನ್ನೇ ಹಂಚಿಬಿಟ್ಟರು. ಎಲ್ಲೆಲ್ಲಿಯ ಸಣ್ಣಪುಟ್ಟ ಲೇಬಲ್ಲುಗಳು ಹಾಕಿದವೋ ಲೆಕ್ಕವಿಲ್ಲ.

ಅದೇ ವರ್ಷದ ಮೊದಲ ಆಲ್ಬಂ ‘ಫ್ಲೈಯಿಂಗ್ ಮೈಕ್ರೊಟೋನಲ್ ಬನಾನಾ’. ರಾಯರನ್ನು ನಾನು ಬೀಳಿಸಿದ್ದು ಈ ಬಾಳೆಹಣ್ಣಿನ ಸಿಪ್ಪೆಯ ಮೇಲೆ. ಸಾದಾ ಗಿಟಾರಿನಲ್ಲಿ ಸ್ಥಾಯಿಗೆ ಹನ್ನೆರಡು ಮನೆ. ಈ ಹುಡುಗರು ತುರ್ಕಿಯ ಬಗ್ಲಾಮಾ ವಾದ್ಯದ ಗೀಳು ಹತ್ತಿಸಿಕೊಂಡು ಗಿಟಾರಿಗೆ ಹೆಚ್ಚುವರಿ ಮೆಟ್ಟಿಲು ಕೂರಿಸಿದರು, ಎರಡು ಮನೆಗಳ ಸಂದಿಯ ಸ್ವರಗಳನ್ನು ಹಿಡಿದರು. ಪಾಶ್ಚಾತ್ಯ ಕಿವಿಗೆ ಅದು ಅಪಸ್ವರ, ಕರ್ನಾಟಕ ಸಂಗೀತದ ಗಮಕ ಕೇಳಿ ಬೆಳೆದವರಿಗೆ ಪರಿಚಿತ ಓಣಿ. ‘ರಾಯರೇ, ಒಂದೇ ಒಂದು ಹಾಡು’ ಎಂದು ಗೋಗರೆದು ಹೆಡ್‌ಫೋನ್ ಕಾಂಪೌಂಡಿನಾಚೆ ದಾಟಿಸಿದೆ. ಹಣೆ ಗಂಟಿಕ್ಕಿ ಕೇಳಿದರು. ಒಂದು ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿತು. ‘ಶ್ರುತಿಯ ಸೂಕ್ಷ್ಮ ಇದೆಯಪ್ಪಾ ಇವರಿಗೆ, ಆದರೆ ಇಷ್ಟು ಕೂಗಾಟ ಯಾಕೆ?’ ಎಂದರು. ರಾಯರ ಬಾಯಲ್ಲಿ ಅದು ಪ್ರಶಸ್ತಿ.

ಅಂಕುಶವಿಲ್ಲದವರಲ್ಲಿ ಇನ್ನೊಬ್ಬರು ರಾಬರ್ಟ್ ಪೊಲಾರ್ಡ್. ಅಮೆರಿಕದ ಡೇಟನ್ ಊರಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಮಕ್ಕಳಿಗೆ ಪಾಠ ಹೇಳಿ ಬಂದು ಗ್ಯಾರೇಜಿನಲ್ಲಿ, ನೆಲಮಾಳಿಗೆಯಲ್ಲಿ ಗೆಳೆಯರೊಂದಿಗೆ ಅಗ್ಗದ ಟೇಪ್ ರೆಕಾರ್ಡರಿಗೆ ಹಾಡು ತುಂಬುತ್ತಿದ್ದರು. ಅವರ ತಂಡ ಗೈಡೆಡ್ ಬೈ ವಾಯ್ಸಸ್. 1994ರ ‘ಬೀ ಥೌಸಂಡ್’ ಹೆಸರಾಯಿತು, ಮೇಷ್ಟ್ರುಗಿರಿ ಬಿಟ್ಟರು. ಅರವತ್ತು ದಾಟಿದ ಮೇಲೆ, 2019ರಲ್ಲಿ, ಒಂದೇ ವರ್ಷಕ್ಕೆ ಮೂರು ಆಲ್ಬಂ. ಮೊದಲನೆಯದರಲ್ಲೇ 32 ಹಾಡು. ಮರುವರ್ಷ ಮತ್ತೆ ಮೂರು. ಎಲ್ಲವೂ ಚೆನ್ನಾಗಿದೆಯೇ ಎಂದರೆ ಇಲ್ಲ. ಅರ್ಧಕ್ಕರ್ಧ ಟಿಪ್ಪಣಿ ಪುಸ್ತಕದ ಗೀಚು. ಆದರೆ ಉಳಿದರ್ಧದಲ್ಲಿ ಎಲ್ಲಿಂದಲೋ ಒಂದೂವರೆ ನಿಮಿಷದ ಒಂದು ರಾಗ ಬಂದು ವಾರವಿಡೀ ನಾಲಗೆಯ ಮೇಲೆ ಕೂತುಬಿಡುತ್ತದೆ. ಅದಕ್ಕಾಗಿ ಗೀಚನ್ನೂ ಕೇಳಬೇಕು.

ಇವರಿಗೆಲ್ಲ ತದ್ವಿರುದ್ಧ ಮೈ ಬ್ಲಡಿ ವ್ಯಾಲೆಂಟೈನ್ ತಂಡ. 1991ರಲ್ಲಿ ‘ಲವ್‌ಲೆಸ್’ ಕೊಟ್ಟು ಮಾಯವಾದವರು ಮುಂದಿನ ಆಲ್ಬಂ ಕೊಟ್ಟಿದ್ದು 2013ರ ಫೆಬ್ರುವರಿಯಲ್ಲಿ, ಅದೂ ಅದೇ ದಿನ ಡಂಗುರ ಸಾರಿ. ಅಷ್ಟು ಜನ ಒಮ್ಮೆಲೇ ನುಗ್ಗಿ ಅವರ ಜಾಲತಾಣವೇ ಕುಸಿಯಿತು. ಅಂಥದ್ದೇ ಇನ್ನೊಂದು ಅಚ್ಚರಿ: 2024ರಲ್ಲಿ ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ‘ಸಿಂಡಿ ಲೀ’ ಹೆಸರಿನಲ್ಲಿ ‘ಡೈಮಂಡ್ ಜುಬಿಲಿ’ ಬಿಟ್ಟಾಗ ಅದು ಸ್ಪಾಟಿಫೈಯಲ್ಲಿ ಇರಲೇ ಇಲ್ಲ. ಎರಡು ಗಂಟೆಯ ಹಾಡುಗಳನ್ನು ಯೂಟ್ಯೂಬಿನಲ್ಲಿ ಒಂದೇ ಉದ್ದಕ್ಕೆ ಕೇಳಬೇಕಿತ್ತು, ಇಲ್ಲವೇ ಕಡತ ಇಳಿಸಿಕೊಂಡು ಮನಸ್ಸಿದ್ದರೆ ಮೂವತ್ತು ಕೆನಡಾ ಡಾಲರು ಕಳಿಸಬೇಕಿತ್ತು. ಜಾಹೀರಾತು, ಪೋಸ್ಟರು, ಎಂಥದೂ ಇಲ್ಲದೆ ಅದು ಆ ವರ್ಷದ ಮಾತಾಯಿತು. ನನ್ನ ಮಟ್ಟಿಗೆ ಈ ದಶಕದ ಐದಾರು ಒಳ್ಳೆಯ ಆಲ್ಬಂಗಳಲ್ಲಿ ಒಂದು. ರಾತ್ರಿ ದೂರದ ರೇಡಿಯೊ ಸ್ಟೇಷನ್ನು ಹಿಡಿಯಲು ಗುಂಡಿ ತಿರುಗಿಸಿದವರಿಗೆ ಅದರ ಕರಕರ ಸದ್ದು ಬೇಗ ಹತ್ತಿರವಾಗುತ್ತದೆ.

ಸದ್ಯಕ್ಕೆ ನನ್ನ ಕಣ್ಣಿರುವುದು ನಾರ್ತ್ ಕ್ಯಾರೊಲಿನಾದ ಆಶ್‌ವಿಲ್ ಎಂಬ ಗುಡ್ಡದೂರಿನ ಮೇಲೆ. ಅಲ್ಲಿಯ ವೆನ್ಸ್‌ಡೇ ತಂಡ 2025ರ ಸೆಪ್ಟೆಂಬರಿನಲ್ಲಿ ‘ಬ್ಲೀಡ್ಸ್’ ತಂದಿತು. ಕಾರ್ಲಿ ಹಾರ್ಟ್ಸ್‌ಮನ್ ಹಾಡಿನೊಳಗೆ ಹೆದ್ದಾರಿ ಬದಿಯ ಅಂಗಡಿ, ಕುಡುಕ ಗೆಳೆಯರು, ಯಾರದೋ ಅಂತ್ಯಕ್ರಿಯೆ ಎಲ್ಲ ಬಂದುಹೋಗುತ್ತವೆ. ಹಿಂದೆ ಒಂದು ಗಿಟಾರು ಕಿರುಚುತ್ತಿದ್ದರೆ, ಇನ್ನೊಂದು ಕಡೆ ಪೆಡಲ್ ಸ್ಟೀಲ್ ಎಂಬ ವಾದ್ಯ ಜಾರುತ್ತ ಅಳುತ್ತಿರುತ್ತದೆ. ಹಳೆಯ ಹಿಂದಿ ಸಿನಿಮಾ ಹಾಡುಗಳಲ್ಲಿ ಕೇಳುವ ಹವಾಯಿಯನ್ ಗಿಟಾರಿನ ವಂಶದ್ದೇ ಅದು, ಕಾಲಿಗೂ ಮಂಡಿಗೂ ಕೆಲಸ ಹೆಚ್ಚು. ಮರುವಾರವೇ ಬ್ರೂಕ್ಲಿನ್ನಿನ ಗೀಸ್ ತಂಡದ ‘ಗೆಟಿಂಗ್ ಕಿಲ್ಡ್’ ಬಂತು. ಗಾಯಕ ಕ್ಯಾಮರನ್ ವಿಂಟರ್ ಮೊದಲ ಹಾಡಿನಲ್ಲೇ ಗಂಟಲು ಹರಿದುಕೊಳ್ಳುತ್ತಾನೆ. ಮೊದಲ ಸಲ ಸಿಟ್ಟು ಬಂತು, ಮೂರನೆಯ ಸಲಕ್ಕೆ ಆ ಹರಿದ ದನಿ ಬಿಟ್ಟರೆ ಬೇರೆ ಬೇಡವಾಯಿತು.

ನಮ್ಮೂರಿನಲ್ಲೂ ಈ ಜಾತಿಯವರಿದ್ದಾರೆ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಬೆಂಗಳೂರಿನಲ್ಲಿ ಬಾರಿಸುತ್ತಿದೆ. ಪರ್ವಾಜ್ ತಂಡ ಇಲ್ಲೇ ಕೂತು ಉರ್ದು, ಕಾಶ್ಮೀರಿಯಲ್ಲಿ ರಾಕ್ ಹಾಡುತ್ತದೆ. ಅವರ 2014ರ ‘ಬಾರಾನ್’ ಕೇಳದಿದ್ದರೆ ಕೇಳಿ. ಅವರ ಮಾತು ಇನ್ನೊಂದು ದಿನಕ್ಕಿರಲಿ, ಅದಕ್ಕೆ ಈ ಕಾಂಪೌಂಡು ಸಾಲದು.

ದುಡ್ಡಿನ ಮಾತು ಮಾತ್ರ ಇವತ್ತೇ ಆಡಬೇಕು. ತಿಂಗಳ ಚಂದಾ ಕಟ್ಟಿ ಲೋಕದ ಹಾಡನ್ನೆಲ್ಲ ಕೇಳಿದರೆ ಸಣ್ಣ ತಂಡದವರಿಗೆ ತಲುಪುವುದು ಚಿಲ್ಲರೆ. ಕಿಂಗ್ ಗಿಝಾರ್ಡ್ ಹುಡುಗರಂತೂ 2025ರಲ್ಲಿ ಸ್ಪಾಟಿಫೈಯಿಂದ ತಮ್ಮ ಹಾಡುಗಳನ್ನು ತೆಗೆದೇಬಿಟ್ಟರು. ಅದರ ಆಗಿನ ಮುಖ್ಯಸ್ಥರು ಯುದ್ಧತಂತ್ರಜ್ಞಾನದ ಕಂಪನಿಗೆ ಹಣ ಹಾಕಿದ್ದು ಅವರಿಗೆ ಸರಿಬರಲಿಲ್ಲ. ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪಿನಲ್ಲಾದರೆ ಕಡತ ಕೊಂಡಾಗ ಮಧ್ಯದವರು ಹಿಡಿಯುವುದು ನೂರಕ್ಕೆ ಹದಿನೈದು. 2020ರ ಮಾರ್ಚಿನಲ್ಲಿ ಸಂಗೀತ ಕಛೇರಿಗಳೆಲ್ಲ ನಿಂತುಹೋದಾಗ ಒಂದು ಶುಕ್ರವಾರ ಅದನ್ನೂ ಬಿಟ್ಟುಕೊಟ್ಟರು. ಆಮೇಲೆ ವರ್ಷಕ್ಕೆ ಕೆಲವು ಶುಕ್ರವಾರ ಹಾಗೆ ನಡೆದುಬಂದಿದೆ. ಕಪ್ಪು ತಟ್ಟೆ ತರಿಸುವ ಆಸೆ ನನಗೂ ಇದೆ, ಆದರೆ ತಟ್ಟೆಗಿಂತ ತಪಾಲು ದುಬಾರಿ. ಹಾಗಾಗಿ ಕಡತ ಕೊಳ್ಳುತ್ತೇನೆ, ಮೆಚ್ಚಿದ್ದಕ್ಕೆ ಮಾತ್ರ.

ರಾಯರಂತೆ ನಿಮಗೂ ಇದೆಲ್ಲ ಹೊಸದಾಗಿದ್ದರೆ ಎಂ.ಜೆ. ಲೆಂಡರ್‌ಮನ್‌ನ ‘ಮ್ಯಾನಿಂಗ್ ಫೈರ್‌ವರ್ಕ್ಸ್’ನಿಂದ ಶುರುಮಾಡಿ. ಆಶ್‌ವಿಲ್ಲಿನವನೇ, ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡಿದವನು, ವೆನ್ಸ್‌ಡೇ ತಂಡಕ್ಕೆ ಗಿಟಾರು ನುಡಿಸಿದವನು. 2024ರ ಸೆಪ್ಟೆಂಬರಿನ ಆಲ್ಬಂ, ಒಂಬತ್ತೇ ಹಾಡು, ನಲವತ್ತು ನಿಮಿಷ ದಾಟುವುದಿಲ್ಲ. ಮೊದಲಿಂದ ಕೊನೆವರೆಗೆ ಕೇಳಿ, ನಡುವೆ ಹಾರಿಸಬೇಡಿ. ಕೊನೆಯ ಹಾಡಿನ ಬಾಲದಲ್ಲಿ ನಿಮಿಷಗಟ್ಟಲೆ ಬರೀ ಗುಂಯ್ ಅನ್ನುತ್ತದೆ. ಫೋನ್ ಕೆಟ್ಟಿಲ್ಲ, ಅದು ಹಾಗೇ.